ಮೊದ್ಲು ನೀನೇಳು

ಅವ್ವ,

ಇವತ್ತು ಲ್ಯಾಬಿನಲ್ಲಿ ನಿನ್ನ ಮಾತನ್ನೇ ಆಡಿಬಿಟ್ಟೆ. ಬೇರೆ ಊರಿನ ಲ್ಯಾಬುಗಳವರು ತಮ್ಮ ಯಂತ್ರ ಸರಿಯಾಗಿ ಅಳೆಯುತ್ತಿದೆಯೇ ಎಂದು ನೋಡಿಕೊಳ್ಳಲು ನಾವೊಂದು ಯುರೇನಿಯಂ ದ್ರಾವಣ ಮಾಡಿದ್ದೇವೆ. ಅದರಲ್ಲಿ 235 ಎಂಬ ಹಗುರ ಪರಮಾಣು ಎಷ್ಟು, 238 ಎಂಬ ಭಾರದ್ದು ಎಷ್ಟು ಎಂದು ನಾನೂ ಜೊತೆಯ ಹುಡುಗ ದಯಾನಂದನೂ ಬೇರೆಬೇರೆಯಾಗಿ ಅಳೆದಿದ್ದೆವು. ಅವನು ಬಂದು, "ನಿಮ್ದೆಷ್ಟು ಬಂತು ಮೇಡಂ?" ಎಂದ.

"ಮೊದ್ಲು ನೀನೇಳಪ್ಪ," ಎಂದೆ.

ಅರಳಗುಪ್ಪೆಯ ಮನೆಯಲ್ಲಿ, ಅಟ್ಟದ ಕೆಳಗೆ ನಿಂತು ನೀನು ಹೀಗೇ ಅಲ್ಲವೇ ಹೇಳುತ್ತಿದ್ದದ್ದು? ವರ್ಷವಿಡೀ ಒಣಗಿದ ಕಾಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಕೊಬ್ಬರಿಯಾಗಿದೆಯೋ ಇನ್ನೂ ನೀರಿದೆಯೋ ಬಾಯಿಬಿಡದೆ, ನನ್ನ ಕೈಗೆ ಕೊಡುತ್ತಿದ್ದೆ. "ನಾನೇಳ್ಬುಟ್ರೆ ನಿನ್ ಕಿವಿಗೂ ಅದೇ ಕೇಳ್ಸುತ್ತೆ ಕಣೇ. ಮೊದ್ಲು ನೀನೇಳು." ಇಬ್ಬರ ಮಾತೂ ಕೂಡದಿದ್ದರೆ ಕಾಯಿ ಮತ್ತೆ ಅಟ್ಟಕ್ಕೆ.

ನಮ್ಮಿಬ್ಬರ ಲೆಕ್ಕ ಐದನೇ ಅಂಕಿಯಲ್ಲಿ ಕೂಡಲಿಲ್ಲ. "ಇಷ್ಟು ಸಣ್ಣದಕ್ಕೆ ತಡ ಮಾಡ್ಬೇಕೇನ್ರೀ?" ಎಂದು ಮೇಲಿನವರು ಮುಖ ಗಂಟಿಕ್ಕಿದರು. ಸೋಮವಾರ ಆ ಲ್ಯಾಬುಗಳಿಗೆ ಹೊರಡಬೇಕಿದ್ದ ದ್ರಾವಣದ ಸೀಸೆಗಳನ್ನು ಬೀರುವಿಗೆ ವಾಪಸ್ ಇಡಿಸಿದೆ. ಬೈಸಿಕೊಂಡರೂ ಹೊಟ್ಟೆ ತಣ್ಣಗಿತ್ತು, ಅವ್ವ. ಓದನ್ನು ತಿಪಟೂರಿನ ಕಾಲೇಜು ಕೊಟ್ಟಿತು. ನಾನು ಇವತ್ತಿಗೂ ಅನ್ನ ತಿನ್ನುತ್ತಿರುವುದು ನೀನು ಕೊಟ್ಟ ಕಿವಿಯಿಂದ.

ಒಂದೇ ಒಂದು ಸಲ ಮಾತ್ರ ನೀನು ಮೊದಲು ಹೇಳಿಬಿಟ್ಟೆ. ಕೊನೆಯ ಸಲ ನಾನು ಫೋನು ಮಾಡಿದಾಗ, ಏದುಸಿರಿನ ನಡುವೆ ನೀನು, "ನಂಗೇನಾಗಿಲ್ಲ ಕಣೇ, ಚೆನ್ನಾಗೇ ಇವ್ನಿ," ಎಂದೆ.

ನನಗೂ ಹಾಗೇ ಕೇಳಿಸಿತು.