ಬೀಳುವಾಗ ಕೂಗುವ ಪದ

ನವೆಂಬರ್ ೧೨, ಮಂಗಳವಾರ

ನೃತ್ಯದ ಮೇಷ್ಟ್ರು ಸ್ಪ್ಯಾನಿಷ್‌ನಲ್ಲೇ ಕೂಗುತ್ತಾರೆ. ‘ವುಯೆಲ್ತಾ’ ಎಂದರೆ ತಿರುಗಬೇಕು. ‘ಕಾಈದಾ’ ಎಂದರೆ ಹೆಂಡತಿ ಹಿಂದಕ್ಕೆ ಬೀಳುತ್ತಾಳೆ, ನಾನು ಹಿಡಿಯಬೇಕು. ಇಂದು ಆ ಪದ ಕೇಳಿ ಅರ್ಥ ಹುಡುಕುತ್ತ ನಿಂತುಬಿಟ್ಟೆ. ತೋಳು ಚಾಚುವಷ್ಟರಲ್ಲಿ ಅವಳ ಜಡೆ ನೆಲ ಮುಟ್ಟಿತ್ತು.

ಮನೆಗೆ ಬಂದ ಮೇಲೆ ಅವಳು ಪಾತ್ರೆ ತೊಳೆಯುತ್ತ ನನ್ನಿಂದ ಪದಗಳನ್ನೆಲ್ಲ ಒಪ್ಪಿಸಿಕೊಂಡಳು. ಒಂದೂ ತಪ್ಪಲಿಲ್ಲ.

“ಎಲ್ಲಾ ಬರುತ್ತಲ್ರೀ. ಸುಮ್ನೆ ನನ್ನ ಜೀವ ತೆಗೆದ್ರಿ.”

ಕುಳಿತಿದ್ದರೆ ಎಲ್ಲ ಬರುತ್ತದೆ. ಸಂಗೀತ ಶುರುವಾದರೆ ಪದ ಮೊದಲು ತಲೆಯಲ್ಲಿ ಕನ್ನಡವಾಗಬೇಕು, ಆಮೇಲೆ ಕೈ ಏಳಬೇಕು. ನೆಲದತ್ತ ಬೀಳುವ ಅವಳ ತಲೆ ಅಲ್ಲಿಯವರೆಗೆ ಕಾಯುವುದಿಲ್ಲ. ಇದನ್ನು ಅವಳಿಗೆ ಹೇಳಲು ಬಾಯಿ ಬರಲಿಲ್ಲ.

“ನಾಳೆ ಕಣ್ಣು ಮುಚ್ಕೊಂಡೇ ಬೀಳ್ತೀನಿ, ನೋಡ್ತಿರಿ,” ಎಂದು ಹಾಸಿಗೆಯಲ್ಲಿ ಮಗ್ಗುಲಾದಳು.

ನಿದ್ದೆ ಹತ್ತಿದೆ ಅವಳಿಗೆ. ಎಬ್ಬಿಸಿ ಹೇಳಿಬಿಡಬೇಕು, ಈಗಲೇ—