ಬೋರಲು ಹಾಕಿದ ಮಗ್ಗು

ಜನವರಿ 10, ಶನಿವಾರ

ಹೊಸ ಡೈರಿ. ಮೊದಲ ಪುಟದಲ್ಲೇ ಹಾಜರಿ ಹಾಕುವುದು ಆಸ್ಪತ್ರೆ ವಾರ್ಡಿನ ಹಳೇ ಚಾಳಿ, ಬಿಟ್ಟಿಲ್ಲ.

ಮಾಜಿ ಸೈನಿಕರ ಸಂಘದ ಹಾಲ್‌ಗೆ ಇವತ್ತು ಬಂದವರು ಆರು. ಕ್ಯಾಪ್ಟನ್ — ಅಧ್ಯಕ್ಷರು, ಎಂಬತ್ತಾರು, ಕಾಲು ಸೋತು ಗಾಲಿಕುರ್ಚಿ, ಗಂಟಲು ಸೋತಿಲ್ಲ. ಡ್ರೈವರ್ — ಊರಿನ ಸುದ್ದಿಯನ್ನೆಲ್ಲ ಹೊತ್ತು ತಂದ, ಅರ್ಧ ಅವನದೇ ತಯಾರಿ. ಕುಕ್ — ಟೀ ಮಾಡಿದ, ಸಕ್ಕರೆ ಜಾಸ್ತಿ. ಕೇರಂ ಜೋಡಿ — ಎರಡು ಜನ, ಒಂದು ಬೋರ್ಡು, ಬೈದಾಟ ಬಿಟ್ಟರೆ ಬೇರೆ ಮಾತಿಲ್ಲ. ಆರನೆಯವಳು ನಾನು, ಕಾರ್ಯದರ್ಶಿ. ಮಿಲಿಟರಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವಳು ಅಂತ ಎಲ್ಲರಿಗೂ ಸಿಸ್ಟರ್. ಸೇರಿ ಒಂಬತ್ತು ವರ್ಷವಾಯಿತು. ನನ್ನ ನಂತರ ಯಾರೂ ಸೇರಿಲ್ಲ. ಡ್ರೈವರ್ ಇವತ್ತಿಗೂ ನನ್ನನ್ನು "ಹೊಸಬರು" ಅಂತಾನೆ.

ಬೀಗ ಮತ್ತೆ ಕೈಕೊಟ್ಟಿತ್ತು. ಎಣ್ಣೆ ಬಿಟ್ಟೆ, ಬೈದೆ, ಹೆಗಲು ಕೊಟ್ಟೆ. ಬೈದಿದ್ದಕ್ಕೇ ತೆರೆದುಕೊಂಡಿತು ಅನ್ನಿಸುತ್ತೆ. ಒಳಗೆ ಇನ್ನೂರು ಕುರ್ಚಿ ಗೋಡೆಗೆ ಒರಗಿವೆ. ಸ್ಟೇಜ್ ಮೇಲೆ ಸೂರು ಸೋರಿ ಹಲಗೆ ಉಬ್ಬಿದೆ.

ಜನವರಿ 13

ನಗರಸಭೆಯವನು ಬಂದಿದ್ದ. ಟೇಪ್ ಹಿಡಿದು ಗೋಡೆ ಅಳೆದ. ಕೂರು ಅಂದರೂ ಕೂರಲಿಲ್ಲ.

ವಿಷಯ ಇಷ್ಟು. ಜಾಗದ ಗುತ್ತಿಗೆ ಮಾರ್ಚ್ ಕೊನೆಗೆ ಮುಗಿಯುತ್ತೆ. ಅಷ್ಟರೊಳಗೆ ನಾವು ಬೇರೆ ಯಾವುದಾದರೂ ಸೇವಾ ಸಂಸ್ಥೆಗೆ ವಹಿಸಿಕೊಟ್ಟರೆ ಕಟ್ಟಡ ಉಳಿಯುತ್ತೆ. ಇಲ್ಲದಿದ್ದರೆ ಕೆಡವಿ ಪಾರ್ಕಿಂಗ್. ಹಿಂದಿನ ಬೀದಿಯಲ್ಲಿ ಆಂಬುಲೆನ್ಸ್ ಸೇವೆ ನಡೆಸುವ ಹುಡುಗಿಯರು ಹೋದ ವರ್ಷದಿಂದ ಕೇಳುತ್ತಿದ್ದಾರೆ. ಗಾಡಿಗಳು ಬಿಸಿಲಲ್ಲಿ ನಿಲ್ಲುತ್ತವೆ, ರಾತ್ರಿ ಪಾಳಿಯವರಿಗೆ ಮಲಗಲು ಜಾಗವಿಲ್ಲ. ಅವರಿಗೆ ಕೊಡುವುದೇ ಸರಿ. ಇದರಲ್ಲಿ ಯೋಚನೆ ಮಾಡಲು ಏನಿದೆ?

ಜನವರಿ 17, ಶನಿವಾರ

ಹಾಲ್ ಬಿಟ್ಟುಕೊಡೋಣ ಅಂದರೆ ಅಳುತ್ತಾರೆ ಅಂದುಕೊಂಡಿದ್ದೆ. ಯಾರೂ ಅಳಲಿಲ್ಲ. ಮಂಡಿ ನೋವು, ಮೆಟ್ಟಿಲು, ಸೋರುವ ಸೂರು... ಎಲ್ಲರೂ ಒಪ್ಪಿದರು. ಕೇರಂ ಜೋಡಿ ಕೂಡ ತಲೆ ಎತ್ತದೆ "ಹ್ಞೂಂ" ಅಂದಿತು.

ಆಗ ಕ್ಯಾಪ್ಟನ್ ನಿಯಮಾವಳಿ ತೆಗೆದರು. ಕನ್ನಡಕ ಒರೆಸಿಕೊಂಡು ಓದಿದರು. ಹಾಲ್ ಬಿಟ್ಟುಕೊಡಬೇಕಾದರೆ ಹಾಲ್‌ನಲ್ಲೇ ಸಭೆ ಸೇರಿ, ಕಡಿಮೆಯೆಂದರೆ ಏಳು ಜನ ಸದಸ್ಯರು ಕೈ ಎತ್ತಬೇಕು.

"ನಾವು ಆರು," ಅಂದ ಕುಕ್.

"ಎರಡೆರಡು ಕೈ ಎತ್ತೋಣ," ಅಂದ ಡ್ರೈವರ್. "ಹನ್ನೆರಡಾಯ್ತು."

ಕ್ಯಾಪ್ಟನ್ ನಗಲಿಲ್ಲ. "ಮುಚ್ಚೋದಾದ್ರೂ ನೆಟ್ಟಗೆ ಮುಚ್ಚಬೇಕು ಸಿಸ್ಟರ್. ಇನ್ನೊಬ್ಬರನ್ನ ಹುಡುಕಿ."

ತೆರೆಯಲು ಜನ ಸಾಲದು ಅಂತ ಮುಚ್ಚಲು ಹೊರಟರೆ ಮುಚ್ಚುವುದಕ್ಕೂ ಜನ ಸಾಲದು. ಮನೆಗೆ ಬಂದು ತಂಗಿಗೆ ಹೇಳಿದೆ. ಹೊಲಿಗೆ ಮಷೀನ್ ನಿಲ್ಲಿಸಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ನನಗೆ ಮೈಯೆಲ್ಲ ಉರಿಯಿತು.

ಜನವರಿ 31

ಮೂವರನ್ನು ಕೇಳಿದೆ. ಇತ್ತೀಚೆಗೆ ನಿವೃತ್ತರಾದವರು, ಗಟ್ಟಿಮುಟ್ಟಾಗಿದ್ದಾರೆ. ಇಬ್ಬರು ಪುರುಸೊತ್ತಿಲ್ಲ ಅಂದರು. ಮೂರನೆಯವನು ಜಿಮ್‌ನಿಂದ ಬೆವರು ಒರೆಸಿಕೊಳ್ಳುತ್ತಾ ಬಂದ. ಎಲ್ಲ ಕೇಳಿಸಿಕೊಂಡು "ಮುಚ್ಚೋಕೆ ಅಂತ ಸೇರ್ಕೋಬೇಕಾ ಮೇಡಂ?" ಅಂದ.

 ಹಾಳಾದವನು, ಸರಿಯಾಗೇ ಕೇಳಿದ.

ಫೆಬ್ರವರಿ 14, ಶನಿವಾರ

ಏಳನೆಯವರು ಇನ್ನೂ ಇಲ್ಲ. ಹಾಲ್ ಉಳಿಯಲಿ ಬಿಡಲಿ, ಸಾಮಾನು ಖಾಲಿ ಮಾಡಲೇಬೇಕು. ಮಗ್ಗಿನ ಕಪಾಟಿನಿಂದ ಶುರು.

ಇಲ್ಲಿ ಪ್ರತಿ ಸದಸ್ಯನಿಗೂ ಒಂದು ಎನಾಮೆಲ್ ಮಗ್ಗು, ಅದರ ಮೇಲೆ ಅಡ್ಡಹೆಸರು. ಇರುವವರ ಮಗ್ಗು ನೆಟ್ಟಗೆ. ಹೋದವರದು ಬೋರಲು. ಯಾರಾದರೂ ಹೋದರೆ ನಾವೆಲ್ಲ ಅವರ ಮನೆ ಗೇಟಿನ ಹತ್ತಿರ ಸಾಲಾಗಿ ನಿಂತು, ಸೆಲ್ಯೂಟ್ ಹೊಡೆದು, ಪುಷ್ಪಚಕ್ರ ಒಳಗೆ ಕಳಿಸಿ ವಾಪಸ್. ಒಳಗೆ ಕಾಲಿಡುವ ಹಾಗಿಲ್ಲ. ಮನೆಯವರಿಗೆ ನಮ್ಮ ಉಪಚಾರದ ತಾಪತ್ರಯ ಬೇಡ ಅಂತ ಹಿಂದಿನವರು ಮಾಡಿದ ಪದ್ಧತಿ. ಹಾಲ್‌ಗೆ ಬಂದು ಮಗ್ಗು ಬೋರಲು ಹಾಕಿ, ಎರಡು ನಿಮಿಷ ನಿಂತು, ಆಮೇಲೆ ಟೀ.

ಈಗ ಕಪಾಟು ತುಂಬ ಬೋರಲು. ನೆಟ್ಟಗಿರುವ ಆರು ಮಗ್ಗುಗಳನ್ನು ಹುಡುಕಿ ತೆಗೆಯಬೇಕು.

ಬೋರಲಾಗಿರುವುದನ್ನೆಲ್ಲ ಅವರವರ ಮನೆಗೆ ಮುಟ್ಟಿಸೋಣ ಅಂದೆ. ಕ್ಯಾಪ್ಟನ್ ಹ್ಞೂಂ ಅಂದರು. ಹಂಚಿಕೊಂಡೆವು. ರೇಡಿಯೋ ಅವರ ಮಗ್ಗು ನನ್ನ ಪಾಲಿಗೆ. ಸೈನ್ಯದ ಸಿಗ್ನಲ್ಸ್‌ನಲ್ಲಿ ವೈರ್‌ಲೆಸ್ ನೋಡಿಕೊಳ್ಳುತ್ತಿದ್ದ ಮನುಷ್ಯ, ಬಾಯಿ ತೆರೆದರೆ ವಾರ್ತೆ ಓದಿದ ಹಾಗೆ. ಹೋಗಿ ನಾಲ್ಕು ವರ್ಷ. ಆವತ್ತು ಬೆಳಿಗ್ಗೆ ಡ್ರೈವರ್ ಓಡಿ ಬಂದು ಹೇಳಿದ್ದ — ಅವರ ಮನೆ ಮುಂದೆ ಶವದ ವ್ಯಾನ್, ಕಣ್ಣಾರೆ ಕಂಡೆ ಅಂತ. ಎಲ್ಲರೂ ಹೋಗಿ ಗೇಟಿನಲ್ಲಿ ನಿಂತಿದ್ದೆವು.

ಫೆಬ್ರವರಿ 19, ಸಂಜೆ 6

ಮನೆಗೆ ಬಂದವಳೇ ಬರೆಯಲು ಕೂತೆ. 

ಮಗ್ಗು ತೊಳೆದು, ಚೀಲದಲ್ಲಿ ಹಾಕಿಕೊಂಡು, ರೇಡಿಯೋ ಅವರ ಮನೆಗೆ ಹೋದೆ. ಹೆಂಡತಿಗೆ ಏನು ಹೇಳಬೇಕು ಅಂತ ದಾರಿಯುದ್ದಕ್ಕೂ ಉರು ಹೊಡೆದಿದ್ದೆ. ಗೇಟು ದಾಟಿದೆ. ಬೆಲ್ ಒತ್ತಿದೆ.

ಬಾಗಿಲು ತೆರೆದದ್ದು ರೇಡಿಯೋ.

ನಲವತ್ತು ವರ್ಷ ನರ್ಸ್. ಯಾವ ಹೆಣ ಎದ್ದು ಕೂತರೂ ಹೆದರುವವಳಲ್ಲ ಅಂದುಕೊಂಡಿದ್ದೆ.  ಬಾಗಿಲ ಚೌಕಟ್ಟು ಹಿಡಿದುಕೊಂಡೆ.

"ಅಂತೂ ನೆನಪಾಯ್ತಾ?" ಅಂದರು. ಅದೇ ವಾರ್ತೆಯ ದನಿ. "ನಾಲ್ಕು ವರ್ಷಕ್ಕೆ ಒಬ್ಬರು ಬಂದ್ರಿ. ಬನ್ನಿ ಒಳಗೆ."

ಕೂತೆ. ನೀರು ಕುಡಿದೆ. ಆವತ್ತು ಹೋದದ್ದು ಅವರ ಅಣ್ಣ. ಬಟ್ಟೆ ಅಂಗಡಿಯವರು. ಒಂದು ದಿನ ಬಂದೂಕು ಮುಟ್ಟಿದವರಲ್ಲ. ಅಣ್ಣತಮ್ಮಂದಿರು ಒಂದೇ ಮನೆಯಲ್ಲಿದ್ದರು ಅಂತ ಡ್ರೈವರ್‌ಗೂ ಗೊತ್ತಿರಲಿಲ್ಲ, ನಮಗೂ ಗೊತ್ತಿರಲಿಲ್ಲ. ಒಳಗೆ ಹೋಗಿದ್ದರೆ ತಾನೇ ಗೊತ್ತಾಗುವುದು! ಗೇಟಿನಲ್ಲಿ ನಾವು ಸೆಲ್ಯೂಟ್ ಹೊಡೆಯುವುದನ್ನು ಇವರು ಮಹಡಿ ಕಿಟಕಿಯಿಂದ ನೋಡಿದ್ದಾರೆ.

"ನನ್ನ ಮುಖ ನೋಡಿ ನಮ್ಮಣ್ಣನಿಗೆ ಇಷ್ಟು ಮರ್ಯಾದೆ ಮಾಡಿದ್ರಲ್ಲ ಅಂತ ಅತ್ತುಬಿಟ್ಟೆ ಸಿಸ್ಟರ್. ಆಮೇಲೆ ನೋಡಿದ್ರೆ ಒಂದು ಫೋನ್ ಇಲ್ಲ. ಮೀಟಿಂಗಿಗೆ ಕರೆಯಲಿಲ್ಲ. ದಾರೀಲಿ ಡ್ರೈವರ್ ಸಿಕ್ಕಿದ, ನನ್ನ ನೋಡಿ ಬಿಳಚಿಕೊಂಡು ಓಡಿಹೋದ. ನಾನೇನು ತಪ್ಪು ಮಾಡಿದ್ದೆ?"

 ಚೀಲದಿಂದ ಮಗ್ಗು ತೆಗೆದು ಮೇಜಿನ ಮೇಲಿಟ್ಟೆ. ಕೈ ತಾನಾಗೇ ಬೋರಲು ಇಟ್ಟಿತು.

ಅವರು ಮಗ್ಗು ನೋಡಿದರು. ನನ್ನನ್ನು ನೋಡಿದರು. ಅರ್ಥವಾಯಿತು.  ಎದ್ದು ಒಳಗೆ ಹೋದರು. ಹೆಂಡತಿ ಬಂದು, ಅವರು ಮಲಗಿದ್ದಾರೆ ಅಂದರು.

ಇಷ್ಟು ನಾಚಿಕೆ ನನಗೆ ಯಾವತ್ತೂ ಆಗಿರಲಿಲ್ಲ.

ಫೆಬ್ರವರಿ 21, ಶನಿವಾರ

ಹಾಲ್‌ನಲ್ಲಿ ಹೇಳಿದೆ. ಮೊದಲು ಯಾರೂ ನಂಬಲಿಲ್ಲ. ಕೇರಂ ಸ್ಟ್ರೈಕರ್ ಬೋರ್ಡಿನಿಂದ ಹಾರಿ ಕೆಳಗೆ ಬಿತ್ತು, ಎತ್ತಿಕೊಳ್ಳುವವರಿಲ್ಲ.

"ಹಂಗಾದ್ರೆ ಆವತ್ತು ಮಾರ್ಕೆಟ್ಟಲ್ಲಿ ನಾನು ನೋಡಿದ್ದು..." ಅಂದ ಡ್ರೈವರ್. "ಅಯ್ಯೋ ಸಿಸ್ಟರ್, ನಾನು ದೆವ್ವ ಅಂದ್ಕೊಂಡೆ. ಮೂರು ದಿನ ಜ್ವರ ಬಂದಿತ್ತು ನಂಗೆ!"

"ಬಾಯಿಬಿಟ್ಟು ಹೇಳೋಕ್ ಏನಾಗಿತ್ತು?"

"ಹೇಳಿದ್ರೆ ನೀವು ನಗ್ತಿರಲಿಲ್ವಾ?"

ನಗುತ್ತಿದ್ದೆ. ಅದೂ ನಿಜ.

ಕ್ಯಾಪ್ಟನ್ ನಿಯಮಾವಳಿ ಮತ್ತೆ ತೆರೆದು ನೋಡಿದರು. ಆಮೇಲೆ ಅಂದರು, "ಏಳನೇ ಕೈ ಸಿಕ್ಕಿತು." ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಬದುಕಿದ್ದವರನ್ನು ಸಾಯಿಸಿದ್ದು ಸಾಲದು ಅಂತ ಈಗ ಹಾಲ್ ಮುಚ್ಚಿಸಲು ಅವರನ್ನೇ ಕರೆಯಬೇಕು.

ಮಾರ್ಚ್ 9

ಮೂರು ಸಲ ಫೋನ್ ಮಾಡಿದೆ. ಹೆಂಡತಿಯೇ ಎತ್ತುತ್ತಾರೆ. ಇವತ್ತು ರೇಡಿಯೋ ಅವರೇ ಎತ್ತಿದರು. "ಸತ್ತವನ ಕೈ ಲೆಕ್ಕಕ್ಕೆ ಬರುತ್ತಾ ಸಿಸ್ಟರ್?" ಅಂದು ಇಟ್ಟುಬಿಟ್ಟರು.

ಸಿಟ್ಟು ಮಾಡಿಕೊಳ್ಳಲು ಅವರಿಗೆ ಹಕ್ಕಿದೆ. ಆದರೆ ಆಂಬುಲೆನ್ಸ್ ಹುಡುಗಿಯರು ಆಗಲೇ ಬಂದು ಬಲ್ಬ್ ಎಲ್ಲಿ ಹಾಕಬೇಕು ಅಂತ ನೋಡಿ ಹೋಗಿದ್ದಾರೆ. ನಗರಸಭೆಯವನು ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ಗುರುತು ಹಾಕಿದ್ದಾನೆ.

ಮಾರ್ಚ್ 22, ಭಾನುವಾರ

ಡ್ರೈವರ್‌ನನ್ನು ಕ್ಷಮೆ ಕೇಳಲು ಕಳಿಸಿದ್ದೆ. ಇಸ್ತ್ರಿ ಮಾಡಿದ ಕೋಟು, ಮೆಡಲ್, ಎಲ್ಲ ಹಾಕಿಕೊಂಡು ಹೋದ. ಅರ್ಧ ಗಂಟೆಯಲ್ಲಿ ವಾಪಸ್.

"ಏನಂದ್ರು?"

"ಏನೂ ಇಲ್ಲ. ಗೇಟಲ್ಲಿ ನಿಂತೆ. ಸೆಲ್ಯೂಟ್ ಹೊಡೆದೆ. ಬಂದೆ."

"ಒಳಗೆ ಹೋಗ್ಲಿಲ್ವಾ?"

"ಕಾಲು ಬರಲಿಲ್ಲ ಸಿಸ್ಟರ್. ಅಭ್ಯಾಸ."

ತಲೆ ಚಚ್ಚಿಕೊಳ್ಳುವುದೊಂದು ಬಾಕಿ. ತಂಗಿ ಬಾಯಿಗೆ ಸೆರಗು ತುರುಕಿಕೊಂಡಳು. "ನೀವೆಲ್ಲ ಎಂಥಾ ಜನ ಅಕ್ಕ..."

ರಾತ್ರಿ ಊಟದ ಹೊತ್ತಿಗೆ ಫೋನ್. ರೇಡಿಯೋ. "ಶನಿವಾರ ಬರ್ತೀನಿ. ಆ ಮನುಷ್ಯನಿಗೆ ಹೇಳಿ, ನನ್ನ ಗೇಟಲ್ಲಿ ಸೆಲ್ಯೂಟ್ ಹೊಡೀಬೇಡ ಅಂತ. ಪಕ್ಕದ ಮನೆಯವರು ಸಂತಾಪ ಹೇಳೋಕ್ ಬಂದಿದ್ರು!"

ಅವರು ನಕ್ಕರು. ಆಮೇಲೆ ನಾನೂ. ಎಷ್ಟೋ ದಿನದ ಮೇಲೆ ಹೊಟ್ಟೆ ತುಂಬ ಉಂಡೆ.

ಮಾರ್ಚ್ 28, ಶನಿವಾರ

ಬಂದರು. ಮಗ್ಗು ತಾವೇ ತಂದಿದ್ದರು. ಯಾರ ಜೊತೆಗೂ ಮಾತಾಡದೆ ನೆಟ್ಟಗೆ ಕಪಾಟಿಗೆ ಹೋಗಿ, ತಮ್ಮ ಜಾಗದಲ್ಲಿ ಇಟ್ಟರು — ಬಾಯಿ ಮೇಲಾಗಿ. ಕುಕ್ ಓಡಿ ಬಂದು ಟೀ ಸುರಿದ. ಡ್ರೈವರ್ ಎದುರಿಗೆ ನಿಂತ, ಕೈ ಹಣೆಗೆ ಹೋಗುತ್ತಿತ್ತು. "ಹೊಡೆದ್ರೆ ಒದೀತೀನಿ," ಅಂದರು ರೇಡಿಯೋ. ಅಪ್ಪಿಕೊಂಡರು.

ಇಷ್ಟು ಗಲಾಟೆ ಆ ಹಾಲ್‌ನಲ್ಲಿ ನಾನು ಸೇರಿದ ಮೇಲೆ ಕೇಳಿರಲಿಲ್ಲ. ಕೇರಂ ಜೋಡಿ ಮೂರನೆಯವರನ್ನು ಆಟಕ್ಕೆ ಕರೆಯಿತು. ನಾಲ್ಕು ವರ್ಷದ ಸುದ್ದಿ ಎಲ್ಲ ಡ್ರೈವರ್ ಒಂದೇ ಉಸಿರಿಗೆ ಹೇಳಿದ. ಸುಳ್ಳನ್ನೆಲ್ಲ ರೇಡಿಯೋ ಅಲ್ಲಲ್ಲೇ ಹಿಡಿದರು. ಯಾರಿಗೂ ಮೀಟಿಂಗ್ ನೆನಪಿಲ್ಲ. ನಾನೇ ಚಪ್ಪಾಳೆ ತಟ್ಟಿ ಕೂರಿಸಬೇಕಾಯಿತು.

ಠರಾವು ಓದಿದೆ. ಕ್ಯಾಪ್ಟನ್ ಎದ್ದು ನಿಂತರು, ಯಾರ ಹೆಗಲೂ ಹಿಡಿಯದೆ. "ಒಪ್ಪುವವರು ಕೈ ಎತ್ತಿ."

ಎಣಿಸಿದೆ. ಆರು.

ಎಲ್ಲರೂ ರೇಡಿಯೋ ಕಡೆ ತಿರುಗಿದರು. ಅವರ ಕೈ ಮೇಲೇ ಇತ್ತು. ಕೇರಂ ಜೋಡಿಯದೂ ಇತ್ತು. ಕುಕ್, ಡ್ರೈವರ್, ಕ್ಯಾಪ್ಟನ್...

"ಸಿಸ್ಟರ್," ಅಂದರು ಕ್ಯಾಪ್ಟನ್ ಮೆಲ್ಲಗೆ. "ನಿಮ್ಮದು?"

ಎಲ್ಲರೂ ಗೊಳ್ಳೆಂದು ನಕ್ಕರು. ಎಣಿಸುವವರು ತಮ್ಮನ್ನೇ ಮರೆತರು ಅಂತ. ನಾನೂ ನಕ್ಕೆ, ಕೈ ಎತ್ತಿದೆ. ಏಳು. ಆಯಿತು.

ಮರೆತಿರಲಿಲ್ಲ. ಇಲ್ಲಿ ಬರೆಯದೆ ಇನ್ನೆಲ್ಲಿ ಬರೆಯಲಿ. ಜನವರಿಯಿಂದ ಇದಕ್ಕೇ ಬಡಿದಾಡಿದೆ, ಆ ಹುಡುಗಿಯರಿಗೇ ಸೇರಬೇಕು, ಈಗಲೂ ಅದೇ ಸರಿ. ಆದರೆ ಕೈ ಏಳಲಿಲ್ಲ. ಇವರಿಗೆಲ್ಲ ಮಕ್ಕಳು, ಮೊಮ್ಮಕ್ಕಳು, ಬೈಯಲು ಸೊಸೆಯಂದಿರು. ನನಗೆ ಶನಿವಾರ ಇತ್ತು. ಬಾಗಿಲು ಹೆಗಲಿಂದ ನೂಕಿ ತೆರೆದರೆ, ನಾನಿಲ್ಲದೆ ಮೀಟಿಂಗೇ ಇಲ್ಲ ಅನ್ನುವ ಐದು ಮುದುಕರು ಹಿಂದೆಯೇ ಬರುತ್ತಿದ್ದರು. ಅದು ಹೋಗುತ್ತೆ, ಅಷ್ಟೇ.

ಹೊರಡುವಾಗ ಅವರವರ ಮಗ್ಗು ಅವರವರೇ ತೆಗೆದುಕೊಂಡರು. ಬೀಗದ ಕೈ ಆಂಬುಲೆನ್ಸ್ ಹುಡುಗಿಗೆ ಕೊಟ್ಟೆ. ಬೈದರೆ ತೆರೆಯುತ್ತೆ ಅಂತ ಹೇಳಿಕೊಟ್ಟೆ.

ಏಪ್ರಿಲ್ 4, ಶನಿವಾರ, ಸಂಜೆ 4

ಶಾಲು ಹೊದ್ದು ಚಪ್ಪಲಿ ಮೆಟ್ಟಿದ ಮೇಲೆ ನೆನಪಾಯಿತು. ಹೋಗಲು ಎಲ್ಲೂ ಇಲ್ಲ. ತಂಗಿ ನೋಡಿದಳು, ಮಷೀನ್ ಜೋರಾಗಿ ತುಳಿದಳು. ಚಪ್ಪಲಿ ಬಿಚ್ಚದೆ ಬರೆಯಲು ಕೂತಿದ್ದೇನೆ. ನನ್ನ ಮಗ್ಗು ಅಡುಗೆಮನೆ ಕಟ್ಟೆಯ ಮೇಲಿದೆ. ತೊಳೆದವಳು ತಂಗಿ, ಪಾತ್ರೆ ಒಣಗುವ ಹಾಗೆ ಬೋರಲು ಹಾಕಿದ್ದಾಳೆ. ಅವಳಿಗೇನು ಗೊತ್ತು, ಪಾಪ. ಎದ್ದು ಹೋಗಿ ನೆಟ್ಟಗಿಟ್ಟು ಬಂದೆ.

"ಅಕ್ಕಾ," ಅಂತಿದ್ದಾಳೆ ಈಗ ಕಿಟಕಿಯಿಂದ. "ಗೇಟಲ್ಲಿ ಯಾರೋ ನಿಂತಿದ್ದಾರೆ. ಕೋಟು ಹಾಕ್ಕೊಂಡು. ಒಂದು, ಎರಡು... ಒಬ್ಬರು ಗಾಲಿಕುರ್ಚೀಲಿ. ಕೈಯಲ್ಲೆಲ್ಲ ಮಗ್ಗು. ಯಾಕೆ ಇವರು ಒಳಗೇ ಬರ್ತಿಲ್ಲ?"

ಬರಲ್ಲ ಕಣೇ. ಗೇಟು ದಾಟಿ ಗೊತ್ತಿಲ್ಲದ ಜನ. ನಾನೇ ಹೋಗಿ ಕೈ ಹಿಡಿದು ಒಬ್ಬೊಬ್ಬರನ್ನೇ ಒಳಗೆ ಕರೆತರಬೇಕು.