ಉಪ್ಪಿನ ಲಾರಿಯ ಕೊನೆಯ ದೃಶ್ಯ

ಆರಿದ ವರ್ಷ ನೂರ ಹದಿನೇಳು, ಫಾಲ್ಗುಣದ ಮೂವತ್ತೇಳನೆಯ ದಿನ
ಮೂರನೇ ನುಡಿತೆರೆ, ದಾವಣಗೆರೆ

ಮಂಡಿಪೇಟೆಯ ಕನ್ನಡಕದ ಅಂಗಡಿಯ ಕೊಟ್ರೇಶ್ ಅವರಿಗೆ,

ನಮಸ್ಕಾರ. ಫಾಲ್ಗುಣಕ್ಕೆ ಮೂವತ್ತೇಳು ದಿನ ಎಲ್ಲಿಂದ ಬಂತು ಎಂದು ನೀವು ಹುಬ್ಬೇರಿಸುವುದು ನನಗೆ ಇಲ್ಲಿಂದಲೇ ಕಾಣುತ್ತಿದೆ. ಬೇಸಿಗೆ ಹಿಗ್ಗಿತು, ಅದರ ಜೊತೆಗೆ ತಿಂಗಳನ್ನೂ ಹಿಗ್ಗಿಸಿದರು. ಯುಗಾದಿ ನಾಳೆ. ನನ್ನ ಬರಹದಲ್ಲಿ ನಿಮಗೆ ಗೊತ್ತಿಲ್ಲದ ಮಾತುಗಳು ಬಂದರೆ ಮನ್ನಿಸಿ. ನಿಮ್ಮ ಬರಹದಲ್ಲೂ ನಮಗೆ ತಿಳಿಯದ್ದು ಬೇಕಾದಷ್ಟಿತ್ತು. ‘ಪಾಪ್‌ಕಾರ್ನ್’ ಎಂದರೆ ಏನೆಂದು ತಿಳಿಯಲು ನನ್ನ ಅಜ್ಜಿ ಹನ್ನೆರಡು ವರ್ಷ ಒದ್ದಾಡಿದಳು. ಕೊನೆಗೆ ಅದು ಬರೀ ಜೋಳದ ಅರಳು ಎಂದು ಗೊತ್ತಾದಾಗ, ಇಷ್ಟಕ್ಕೆ ಅಷ್ಟೆಲ್ಲಾನಾ ಎಂದು ಒಂದು ದಿನ ಯಾರ ಜೊತೆಗೂ ಮಾತಾಡಲಿಲ್ಲವಂತೆ.

ನನ್ನ ಹೆಸರು ನೀಲಗಂಗಾ ಹಾಲೇಶನವರ. ವಯಸ್ಸು ಐವತ್ಮೂರು. ಈ ಕಾಗದವನ್ನು ಹಿಂದಂಚೆಯಲ್ಲಿ ಹಾಕುತ್ತಿದ್ದೇನೆ. ಹಿಂದಂಚೆ ಎಂದರೆ ಕಳೆದುಹೋದ ಕಾಲಕ್ಕೆ ಕಾಗದ ಒಯ್ಯುವ ಟಪಾಲು. ಒಬ್ಬರಿಗೆ ಜನ್ಮಕ್ಕೊಂದೇ ಕಾಗದ. ಹೆಚ್ಚಿನವರು ಸತ್ತ ತಾಯಿಗೋ, ಚಿಕ್ಕಂದಿನ ತಮಗೋ ಬರೆಯುತ್ತಾರೆ. ತಲುಪಿತೆಂದು ಯಾರಿಗೂ ಉತ್ತರ ಬಂದ ದಾಖಲೆಯಿಲ್ಲ. ನನ್ನ ಅವ್ವ ಶಂಕ್ರಮ್ಮ ಇದನ್ನು ಕೇಳಿ ಹಣೆ ಚಚ್ಚಿಕೊಂಡಳು. “ಇರೋದೊಂದು ಕಾಗ್ದ, ಅದನ್ನ ಯಾವನೋ ಕನ್ನಡಕದೋನಿಗೆ ಬರಿತೀಯೇನೇ? ತಲೆ ನೆಟ್ಟಗೈತಾ ನಿಂದು?” ಅಂದಳು. ನೆಟ್ಟಗಿದೆ ಅಂದೆ. ಏಕೆಂದು ಹೇಳಿದ ಮೇಲೆ, “ಹಂಗಾದ್ರೆ ಬರಿ” ಅಂದಳು.

ನೀವು ನೋಡಿದ ಸಿನಿಮಾಗಳಲ್ಲಿ ಒಂದೂ ನಮ್ಮ ಕಾಲಕ್ಕೆ ಉಳಿದಿಲ್ಲ. ಅವು ನಿಮ್ಮ ಕೈಯಲ್ಲಿ ಇರಲೇ ಇಲ್ಲವಲ್ಲ. ಎಲ್ಲೋ ದೂರದ ಉಗ್ರಾಣದಲ್ಲಿದ್ದವನ್ನು ಎರವಲು ನೋಡುತ್ತಿದ್ದಿರಿ. ಉಗ್ರಾಣದವರು ಒಂದು ವರ್ಷ, ಹಳೆಯದು ಇನ್ನು ಸಾಕು ಎಂದು ದೀಪ ಆರಿಸಿ ಎದ್ದುಹೋದರು. ಆ ವರ್ಷದಿಂದಲೇ ನಾವು ವರ್ಷ ಎಣಿಸುವುದು. ಚಿತ್ರ ಹೋಯಿತು, ಹಾಡು ಹೋಯಿತು. ನೋಡಿದವರು ಅಲ್ಲಿ ಇಲ್ಲಿ ಬರೆದ ಮಾತಿನ ಚೂರುಗಳು ಉಳಿದವು. ಆ ಚೂರುಗಳಿಂದ ನಾವು ಸಿನಿಮಾ ಹೇಳುತ್ತೇವೆ. ಹೇಳುವ ಮನೆಗೆ ನುಡಿತೆರೆ ಎಂದು ಹೆಸರು. ಗೋಡೆಗೆ ಬಿಳಿ ಬಟ್ಟೆ ಕಟ್ಟಿರುತ್ತದೆ, ಅದರ ಮೇಲೆ ಏನೂ ಮೂಡುವುದಿಲ್ಲ. ಪಕ್ಕದಲ್ಲಿ ತೆರೆಗಾತಿ, ಅಂದರೆ ನನ್ನಂಥವಳು, ನಿಂತು ದೃಶ್ಯದ ಮೇಲೆ ದೃಶ್ಯ ಹೇಳುತ್ತಾಳೆ. ಇನ್ನೂರು ಜನ ಖಾಲಿ ಬಟ್ಟೆಯನ್ನೇ ನೋಡುತ್ತಾ ಕೇಳುತ್ತಾರೆ. ಮಧ್ಯಂತರದಲ್ಲಿ ಮಂಡಕ್ಕಿ ಮಿರ್ಚಿ ಮಾರುತ್ತಾರೆ. ಅದೊಂದು ಮಾತ್ರ ಆರಲಿಲ್ಲ, ಪುಣ್ಯ.

ಹೇಳುವುದಕ್ಕೆ ಒಂದು ಕಟ್ಟಳೆಯಿದೆ: ಕಣ್ಣಾರೆ ಕಂಡವರು ಬರೆದಿಟ್ಟದ್ದನ್ನು ಬಿಟ್ಟು ಒಂದಕ್ಷರ ಕೂಡಿಸಬಾರದು. ಹಿಂದೆ ತೆರೆಗಾರರು ತಮ್ಮ ತಮ್ಮ ನಾಯಕರು ಗೆಲ್ಲುವಂತೆ ಕತೆ ತಿರುಚಿ, ಹರಿಹರದ ನುಡಿತೆರೆಯಲ್ಲಿ ಹೊಡೆದಾಟವಾಗಿ ಒಂಬತ್ತು ಹೆಣ ಬಿದ್ದಿದ್ದವು. ಅಂದಿನಿಂದ ಸಾಕ್ಷಿಮನೆ ಎಂಬ ಕಚೇರಿ ಬಂತು. ಯಾವ ದೃಶ್ಯಕ್ಕೆ ಯಾರ ಬರಹ ಸಾಕ್ಷಿ ಎಂದು ಅಲ್ಲಿ ತೋರಿಸಬೇಕು. ಒಂದು ಚಿತ್ರವನ್ನು ಹೇಳುವ ಹಕ್ಕು, ಅದನ್ನು ಮೊದಲ ದಿನದ ಮೊದಲ ಆಟದಲ್ಲಿ ನೋಡಿ ಬರೆದಿಟ್ಟವರ ವಂಶಕ್ಕೇ ಸೇರುತ್ತದೆ.

ನಮ್ಮ ಮನೆತನದ್ದು ‘ಉಪ್ಪಿನ ಲಾರಿ’. ನಮ್ಮ ಮೂಲಪುರುಷ ಹಾಲೇಶಜ್ಜ. ನನ್ನ ಮುತ್ತಜ್ಜಿಯ ಅಜ್ಜ ಅವನು. ನಡುಮನೆಯ ಫೋಟೋದಲ್ಲಿ ಅವನಿಗೆ ಇಪ್ಪತ್ತೆರಡು ವರ್ಷವೂ ಇರಲಾರದು. ಆದರೂ ನಮಗೆ ಅವನು ಅಜ್ಜನೇ. ಕೆಂಡಕೇಸರಿ ಎಂಬ ಬಿರುದಿನ ನಾಯಕನ ಕಟೌಟಿನ ಭುಜದ ಮೇಲೆ ಹತ್ತಿ ಹಾಲಿನ ಕೊಡ ಬಗ್ಗಿಸುತ್ತಿದ್ದಾನೆ. ಮೊದಲ ಆಟದ ಹರಿದ ಟಿಕೆಟ್ಟು ನಮ್ಮ ದೇವರ ಮನೆಯ ಬೆಳ್ಳಿ ಡಬ್ಬಿಯಲ್ಲಿದೆ. ಅದರ ಜೊತೆಗೆ ಅವನ ಫೋನಿನಲ್ಲಿ ಸಿಕ್ಕ ಒಂದು ಬರಹದ ಚಿತ್ರವನ್ನು ಹಲಗೆಗೆ ಹಚ್ಚಿ ಇಟ್ಟಿದ್ದೇವೆ. ತಲೆಯ ಭಾಗ ಕತ್ತರಿಸಿಹೋಗಿ ಬರೆದವರ ಹೆಸರಿಲ್ಲ. ಅದನ್ನು ಹಾಲೇಶಜ್ಜನೇ ಬರೆದದ್ದೆಂದು ನಾಲ್ಕು ತಲೆಮಾರು ನಂಬಿ, ನಾವು ಅವನ ಹೆಸರನ್ನೇ ಮನೆಹೆಸರು ಮಾಡಿಕೊಂಡೆವು.

ಆ ಬರಹ ನಿಮ್ಮದು, ಕೊಟ್ರೇಶ್ ಅವರೇ. ನನಗೆ ಅದು ಏಳನೆಯ ವಯಸ್ಸಿನಿಂದ ಬಾಯಿಪಾಠ. “ಈ ವಾರ ಮೂರು ಸಿನಿಮಾ ನೋಡಿದೆ. ಮೊದಲನೆಯದರಲ್ಲಿ ಪಾಪ್‌ಕಾರ್ನ್ ಚೆನ್ನಾಗಿತ್ತು. ಎರಡನೆಯದಕ್ಕೆ ನಮ್ಮನೆಯವಳು ಇಂಟರ್ವಲ್‌ನಲ್ಲೇ, ‘ಏಳ್ರೀ, ಬಟ್ಟೆ ಒಣಗಾಕಿ ಬಂದೀನಿ, ಮಳೆ ಬರಂಗೈತೆ’ ಅಂದಳು. ಎದ್ದು ಬಂದ್ವಿ, ನಷ್ಟವೇನಿಲ್ಲ. ಮೂರನೆಯದು ಉಪ್ಪಿನ ಲಾರಿ.” ಇದನ್ನೂ ನಾವು ಬಿಡದೆ ಹೇಳುತ್ತೇವೆ. ಬಟ್ಟೆ ಒಣಗಾಕಿದ ಮಾತು ಬಂದಾಗ ಹಿಂದಿನ ಸಾಲಿನ ಹೆಂಗಸರೆಲ್ಲ ನಗುತ್ತಾರೆ. ಹರಟೆಗೆಂದು ಬರೆದ ಮಾತು ಇಲ್ಲಿ ಮಂತ್ರವಾಗಿದೆ ಎಂದರೆ ನೀವು ನಂಬುವುದಿಲ್ಲ.

ಆಮೇಲೆ ಕತೆ. ಅಂಕೋಲೆಯ ಕಡೆಯಿಂದ ಉಪ್ಪು ಹೇರಿಕೊಂಡು ಘಟ್ಟ ಹತ್ತುವ ಲಾರಿಯ ಚಾಲಕನಾಗಿ ಕೆಂಡಕೇಸರಿ. ಘಟ್ಟದ ತಲೆಯಲ್ಲಿ ಒಬ್ಬ ಹೆಂಗಸಿನ ಸಣ್ಣ ಹೋಟೆಲು. ಆಕೆ ಹೆಸರೂ ಕೇಳದೆ ವರ್ಷಗಟ್ಟಲೆ ಅವನಿಗೆ ಉಣ್ಣಲಿಕ್ಕೆ ಇಟ್ಟವಳು. ಅವನ ತಮ್ಮನನ್ನು ಯಾರೋ ಕೊಲ್ಲುತ್ತಾರೆ. ಅವನು ಕೊಂದವನನ್ನು ಹುಡುಕಿ, ಹಿಡಿದು, ಕೈಕಾಲು ಕಟ್ಟಿ ಉಪ್ಪಿನ ಮೂಟೆಗಳ ನಡುವೆ ಮಲಗಿಸಿಕೊಂಡು ಹೊರಡುತ್ತಾನೆ. ಮಧ್ಯಾಹ್ನ ಊಟಕ್ಕೆಂದು ಆ ಹೋಟೆಲಿನ ಮುಂದೆ ನಿಲ್ಲಿಸುತ್ತಾನೆ. ಕೊಂದವನು ಆಕೆಯ ಮಗ. ಅದು ನೋಡುವವರಿಗೆ ಗೊತ್ತು, ಅವರಿಬ್ಬರಿಗೆ ಗೊತ್ತಿಲ್ಲ. ಅನ್ನ ಬಡಿಸುತ್ತಿರುವಾಗ ಲಾರಿಯಿಂದ ಒಂದು ಕೆಮ್ಮು ಕೇಳುತ್ತದೆ.

ಅಲ್ಲಿ ನೀವು ಬರೆದದ್ದು ಹೀಗೆ: “ಹೆತ್ತವಳಿಗೆ ಮಗನ ಕೆಮ್ಮು ಗೊತ್ತಾಗಲ್ವಾ? ಸೌಟು ಕೈಯಲ್ಲೇ ಹಿಡಿದು ಆಕೆ ಎದ್ದು ಹೋಗ್ತಾಳೆ. ಕೆಂಡಕೇಸರಿ ಚೆನ್ನಾಗಿ ಮಾಡಿದ್ದಾನೆ, ಇಲ್ಲ ಅನ್ನಲ್ಲ. ಆದರೆ ಸಿನಿಮಾ ಆ ಹೆಂಗಸಿನದು. ಯಾರೋ ಏನೋ, ಹೆಸರು ಓದುವಷ್ಟರಲ್ಲಿ ಹೋಗಿಬಿಡ್ತು. ಲಾರಿ ಹಿಂದಿನ ಹಲಗೆ ಬಿಚ್ಚಿ, ಮಗನ ಮುಖ ನೋಡಿ, ಆಮೇಲೆ ಆಕೆ ಮಾಡಿದ್ದೊಂದು ಇದೆಯಲ್ಲ! ನಲವತ್ತು ವರ್ಷದಿಂದ ಸಿನಿಮಾ ನೋಡ್ತಿದೀನಿ, ಅಂಥದ್ದು ನೋಡಿರಲಿಲ್ಲ. ಬರೀತೀನಿ ಇರಿ, ಊಟಕ್ಕೆ ಕರೀತಿದಾರೆ.”

ಅಷ್ಟೇ. ಮುಂದೆ ಒಂದಕ್ಷರವಿಲ್ಲ. ನಮ್ಮ ನುಡಿತೆರೆಯಲ್ಲಿ ನಾನು ಅಲ್ಲಿಗೆ ಬಂದು ನಿಲ್ಲುತ್ತೇನೆ. ಇನ್ನೂರು ಜನ ಒಂದೇ ದನಿಯಲ್ಲಿ “ಊಟಕ್ಕೆ ಕರೀತಿದಾರೆ” ಎಂದು ಹೇಳಿ, ಎದ್ದು, ಚಪ್ಪಲಿ ಹುಡುಕಿಕೊಂಡು ಮನೆಗೆ ಹೋಗುತ್ತಾರೆ. ಅದೇ ನಮ್ಮ ಪದ್ಧತಿ. ಮಕ್ಕಳು ಅದನ್ನೇ ಸಿನಿಮಾದ ಕೊನೆ ಎಂದುಕೊಂಡಿವೆ. ಅವ್ವ ನಲವತ್ತು ವರ್ಷ ಈ ಚಿತ್ರ ಹೇಳಿದಳು, ಪ್ರತಿ ಸಲವೂ ಮನೆಗೆ ಬಂದು ಕಾಲು ತೊಳೆಯುತ್ತಾ ಬೈಯುತ್ತಿದ್ದಳು: “ಲಕ್ಷಗಟ್ಲೆ ಜನ ನೋಡ್ಯಾರ. ಒಬ್ಬನಿಗೂ ಬಾಯಿ ಇರ್ಲಿಲ್ಲೇನು?”

ಹೋದ ಶ್ರಾವಣದಲ್ಲಿ ಸಾಕ್ಷಿಮನೆಯಿಂದ ಓಲೆ ಬಂತು. ಕೊನೆಯಿಲ್ಲದ ಚಿತ್ರಗಳನ್ನು ಈ ಯುಗಾದಿಗೆ ಪಟ್ಟಿಯಿಂದ ತೆಗೆಯುತ್ತಾರೆ. ತೆಗೆದ ಚಿತ್ರವನ್ನು ಮತ್ತೆ ಯಾರೂ ಎಲ್ಲಿಯೂ ಹೇಳುವಂತಿಲ್ಲ. ಆ ಹೆಂಗಸು ಸೌಟು ಹಿಡಿದು ಲಾರಿಯ ಹತ್ತಿರ ನಿಂತವಳು ನಿಂತ ಹಾಗೆಯೇ ಅಳಿದುಹೋಗುತ್ತಾಳೆ. ನನಗೆ ಮಕ್ಕಳಿಲ್ಲ, ಕೊಟ್ರೇಶ್ ಅವರೇ. ನನಗೆ ಇರುವುದು ಅವಳೊಬ್ಬಳು. ಅದಕ್ಕೇ ಸಾಕ್ಷಿಮನೆಯ ನೆಲಮಾಳಿಗೆಗೆ ಇಳಿದು, ಏಳು ತಿಂಗಳು ನಿಮ್ಮ ಕಾಲದ ಬರಹದ ಗುಡ್ಡೆಯಲ್ಲಿ ಕೊನೆಯ ದೃಶ್ಯ ಹುಡುಕಿದೆ.

ಏನು ಸಿಕ್ಕಿತು ಗೊತ್ತೇ? ‘ಕ್ಲೈಮ್ಯಾಕ್ಸ್ ಬೆಂಕಿ ಗುರು.’ ‘ಕೊನೇ ಹತ್ತು ನಿಮಿಷ ಮಿಸ್ ಮಾಡ್ಲೇಬೇಡಿ.’ ‘ಬಾಸ್ ಬಾಸೇ.’ ಬೆಂಕಿ, ಬೆಂಕಿ, ಬೆಂಕಿ. ಅಷ್ಟು ಬೆಂಕಿಯಲ್ಲಿ ಒಂದು ಕಡ್ಡಿಯ ಬೆಳಕಿಲ್ಲ. ಯಾರಾದರೂ ಪುಣ್ಯಾತ್ಮ ಹೇಳಲು ಬಾಯಿ ತೆರೆದರೆ ಉಳಿದವರು ಮುಗಿಬೀಳುತ್ತಿದ್ದರು: “ಸ್ಪಾಯ್ಲರ್ ಕೊಡ್ಬೇಡ್ರಪ್ಪೋ, ನಾವಿನ್ನೂ ನೋಡಿಲ್ಲ!” ನೋಡದವರ ಸುಖ ಕೆಡಬಾರದೆಂದು ಎಂಥ ಕಾಳಜಿ! ನಾವೂ ನೋಡದವರೇ ಸ್ವಾಮಿ. ನಮ್ಮಷ್ಟು ನೋಡದವರು ಯಾರೂ ಇಲ್ಲ. ನಿಮ್ಮ ಆ ಶಿಷ್ಟಾಚಾರಕ್ಕೆ ನನ್ನ ಧಿಕ್ಕಾರವಿರಲಿ.

ಕೊನೆಗೆ ಉಳಿದದ್ದು ಹಾಲೇಶಜ್ಜನ ಫೋನು. ಸತ್ತವರ ಫೋನನ್ನು ಪೂರ್ತಿ ತೆರೆಯುವ ಅಧಿಕಾರ ವಾರಸುದಾರರಿಗೆ ಮಾತ್ರ ಇದೆ. ಆ ಒಂದು ಚಿತ್ರ ಬಿಟ್ಟು ನಮ್ಮಲ್ಲಿ ಯಾರೂ ಅದರೊಳಗೆ ಏನನ್ನೂ ನೋಡಿರಲಿಲ್ಲ. ನಾವೇ ಪೂಜಿಸುವವರ ಜೇಬು ತಡಕುವ ರೂಢಿ ನಮ್ಮಲ್ಲಿಲ್ಲ. ನಾನು ತಡಕಿದೆ. ನಿಮ್ಮ ಬರಹ ತಲೆಯ ಸಮೇತ ಸಿಕ್ಕಿತು: ಕೊಟ್ರೇಶ್, ಕನ್ನಡಕದ ಅಂಗಡಿ, ಭಾನುವಾರ ಸಂಜೆ. ಅದರ ಕೆಳಗೆ ನಮ್ಮ ಮೂಲಪುರುಷ ತನ್ನ ಅಭಿಮಾನಿ ಸಂಘದವರಿಗೆ ಬರೆದಿದ್ದ: “ಈ ಕನ್ನಡಕದಂಗ್ಡಿಯೋನು ನಮ್ ಬಾಸ್‌ಗಿಂತ ಹೋಟ್ಲು ಹೆಂಗ್ಸು ದೊಡ್ಡೋಳು ಅಂತಾನೆ. ಅಂಗ್ಡಿ ಮಂಡಿಪ್ಯಾಟ್ಯಾಗೈತೆ. ಅಳಿಸಿ ಹಾಕಿದ್ರೂ ಬಿಡಂಗಿಲ್ಲ, ಸ್ಕ್ರೀನ್‌ಶಾಟ್ ಹೊಡ್ಕಂಡೀನಿ. ಎಲ್ರೂ ಬರ್ರಲೇ!”

ಸೋಮವಾರವೆಲ್ಲ ಬೈದಿದ್ದಾರೆ. ಹಾಲೇಶನೊಬ್ಬನೇ ನಲವತ್ತೊಂದು ಸಲ. ನಿಮ್ಮ ಮನೆಯವರನ್ನು, ಒಣಗಾಕಿದ ಬಟ್ಟೆಯನ್ನು ಸಹ ಬಿಟ್ಟಿಲ್ಲ. ಮಂಗಳವಾರ ಮಧ್ಯಾಹ್ನ ನೀವು ಅಂಗಡಿಯ ಮುಂದೆ ಕೈಮುಗಿದು ನಿಂತ ಫೋಟೋ ಇದೆ, ಗಾಜು ಒಡೆದಿದೆ. “ಕೆಂಡಕೇಸರಿ ಅಭಿಮಾನಿಗಳಲ್ಲಿ ಕ್ಷಮೆ ಕೇಳ್ತೀನಿ. ಇನ್ನು ಮೇಲೆ ಸಿನಿಮಾ ಬಗ್ಗೆ ಏನೂ ಬರೆಯಲ್ಲ.” ಆಮೇಲೆ ನೀವು ನಿಜವಾಗಿಯೂ ಬರೆಯಲಿಲ್ಲ. ಹುಡುಕಿದೆ. ನಿಮ್ಮ ಹೆಸರಿನಲ್ಲಿ ಇರುವುದು ದೀಪಾವಳಿಯ ಶುಭಾಶಯ, ಕನ್ನಡಕದ ರಿಯಾಯಿತಿ.

ಇದನ್ನೆಲ್ಲ ಓದಿದಾಗ ನನಗೆ ಬಂದದ್ದು ಸಿಟ್ಟು, ಅಳುವಲ್ಲ. ಅಳು ಬಂದದ್ದು ಮುಂದಿನದಕ್ಕೆ. ಅದೇ ಮಂಗಳವಾರ ಸಂಜೆ ಹಾಲೇಶ ಒಬ್ಬ ಗೆಳೆಯನಿಗೆ ಮಾತ್ರ ಬರೆದಿದ್ದ: “ಲೇ, ಆ ಹೋಟ್ಲು ಹೆಂಗ್ಸಿನ ಸೀನಿಗೆ ನಾನೂ ಅತ್ತೆ ಕಣಲೇ. ಕನ್ನಡಕದೋನು ಬರೆದಿದ್ದು ಖರೇನ. ಯಾರ್ಗೂ ಹೇಳ್ಬ್ಯಾಡ.” ಗೆಳೆಯ ಹೇಳಲಿಲ್ಲ. ಹಾಳಾದವನು, ಎಂಥ ನಂಬಿಕಸ್ತ!

ನಮ್ಮ ಅಜ್ಜನಿಗೆ ಗೊತ್ತಿತ್ತು. ನೋಡಿದ್ದ, ಅತ್ತಿದ್ದ. ನಲವತ್ತೊಂದು ಸಲ ಬೆರಳು ಆಡಿಸುವಷ್ಟು ಪುರುಸೊತ್ತಿತ್ತು. ಆಕೆ ಮಗನನ್ನು ಬಿಚ್ಚಿ ಕಳಿಸಿದಳೋ, ಸೌಟಿನಿಂದ ಹೊಡೆದಳೋ, ಹಲಗೆ ಮುಚ್ಚಿ ಬಂದು ಮತ್ತೆ ಅನ್ನ ಬಡಿಸಿದಳೋ, ಒಂದೇ ಒಂದು ಸಾಲು ಬರೆಯಲು ಅವನಿಗೆ ಕೈ ಬರಲಿಲ್ಲ. ಅಭಿಮಾನವೆಂದರೆ ಇದಂತೆ.

ಅವ್ವನಿಗೆ ಎಲ್ಲವನ್ನೂ ಓದಿ ಹೇಳಿದೆ. ಎಂಬತ್ತೊಂದು ವರ್ಷದ ಜೀವ, ಎದ್ದು ಹಾಲಿನ ಕೊಡದ ಆ ಹುಡುಗನ ಮುಂದೆ ಹೋಗಿ ನಿಂತಳು. ಫೋಟೋ ತೆಗೆಯಲೇನು ಎಂದು ಕೇಳಿದೆ. “ಫೋಟೋ ಇರ್ಲಿ,” ಅಂದಳು. “ಹಾರ ತೆಗಿ.”

ನಾಳೆ ಸಾಕ್ಷಿಮನೆಯಲ್ಲಿ ವಿಚಾರಣೆ. ಬರಹ ನಮ್ಮದಲ್ಲ, ಕೊಟ್ರೇಶ್ ಎಂಬವರದ್ದು. ಅವರ ಬಾಯಿ ಮುಚ್ಚಿಸಿದವರು ನಾವು ಎಂದು ಹೇಳಲಿದ್ದೇನೆ. ಹಕ್ಕು ಹೋಗುತ್ತದೆ, ಹೋಗಲಿ. ಆದರೆ ಚಿತ್ರವೂ ಹೋಗುತ್ತದೆ. ಅದೊಂದನ್ನು ನನ್ನಿಂದ ತಡೆದುಕೊಳ್ಳಲು ಆಗುತ್ತಿಲ್ಲ.

ಈ ಕಾಗದ ಸೋಮವಾರ ನಿಮ್ಮ ಕೈಸೇರಲೆಂದು ವಿಳಾಸ ಬರೆದಿದ್ದೇನೆ. ಬೈಗುಳ ಶುರುವಾಗಿರುತ್ತದೆ. ಮೊದಲನೆಯದು ನಮ್ಮ ಮನೆಯದೇ. ಅದಕ್ಕೆ ಅವನ ಪರವಾಗಿ ನಾನು ಕಾಲು ಹಿಡಿಯುತ್ತೇನೆ. ಕ್ಷಮೆ ಕೇಳುವುದಾದರೆ ಕೇಳಿಬಿಡಿ. ಒಡೆದ ಗಾಜಿನ ಮುಂದೆ ಧೈರ್ಯ ತೋರಿಸಿ ಎಂದು ನೂರೈವತ್ತು ವರ್ಷ ದೂರ ಕೂತು ಹೇಳುವಷ್ಟು ನಾಚಿಕೆಗೆಟ್ಟವಳಲ್ಲ ನಾನು. ಫೋನಿನಲ್ಲಿ ಏನೂ ಬರೆಯಬೇಡಿ. ಕಣ್ಣಿನ ನಂಬರು ಗೀಚಿಕೊಡುತ್ತೀರಲ್ಲ, ಆ ಚೀಟಿಯ ಹಿಂದೆ ಬರೆಯಿರಿ. ನಾಲ್ಕು ಸಾಲು ಸಾಕು: ಹಲಗೆ ಬಿಚ್ಚಿ, ಮಗನ ಮುಖ ನೋಡಿ, ಆಕೆ ಏನು ಮಾಡಿದಳು? ಮಡಚಿ ಕನ್ನಡಕದ ಡಬ್ಬಿಯಲ್ಲಿಟ್ಟು, ಆ ಫೋಟೋದಲ್ಲಿ ನಿಮ್ಮ ಹಿಂದೆ ಕಾಣುವಂತೆ ಅಂಗಡಿಯ ಹಿಂಗೋಡೆಯಲ್ಲಿ ದೇವರ ಪಟದ ಕೆಳಗೆ ಒಂದು ಗೂಡಿದೆಯಲ್ಲ, ಅದರ ಒಳಮೂಲೆಗೆ ತಳ್ಳಿಬಿಡಿ.

ಸೂರು ಹೋಗಿದೆ, ಬಾಗಿಲು ಹೋಗಿದೆ, ಆ ಗೋಡೆ ಮಾತ್ರ ಇವತ್ತೂ ನಿಂತಿದೆ. ನಿನ್ನೆ ಹೋಗಿ ಮೊಣಕೈವರೆಗೆ ಕೈಹಾಕಿ ನೋಡಿದೆ. ಮಣ್ಣು, ಒಂದು ಇರುವೆಗೂಡು, ಮತ್ತೇನೂ ಇರಲಿಲ್ಲ. ಈ ಕಾಗದವನ್ನು ಇನ್ನೂ ಹಾಕಿರಲಿಲ್ಲವಲ್ಲ, ಅದಕ್ಕೇ ಇರಬೇಕು ಎಂದು ಸಮಾಧಾನ ಮಾಡಿಕೊಂಡು ಬಂದೆ.

ಮನೆಯಲ್ಲಿ ಕರೆಯುತ್ತಿದ್ದರೆ ಹೋಗಿ ಊಟ ಮಾಡಿ ಬನ್ನಿ, ಕೊಟ್ರೇಶ್ ಅವರೇ. ಅವಸರವಿಲ್ಲ. ಕೈ ತೊಳೆದ ಮೇಲೆ ಬರೆಯಿರಿ. ನಾಳೆ ಬೆಳಿಗ್ಗೆ ವಿಚಾರಣೆಗೆ ಹೋಗುವ ಮುಂಚೆ ಮತ್ತೊಂದು ಸಲ ಕೈಹಾಕಿ ನೋಡುತ್ತೇನೆ.

ಇಂತಿ,
ನೀಲಗಂಗಾ
(ಮನೆಹೆಸರು ಬರೆಯಲು ಮನಸ್ಸು ಬರಲಿಲ್ಲ)